ತೋಟದ ಜೀಪು ಡಾಂಬರು ರಸ್ತೆಗೆ ಇಳಿಯಬೇಕಾದರೆ

ಮಲೆನಾಡಿನಲ್ಲಿ ವಾಹನ ಕೊಳ್ಳುವವರು ಮೊದಲು ನೋಡುವುದು ಅದು ಏರು ಹತ್ತುತ್ತದೆಯೇ, ಕೆಸರಿನಲ್ಲಿ ಹೂತುಕೊಳ್ಳದೆ ಹೊರಬರುತ್ತದೆಯೇ ಎಂಬುದನ್ನು. ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಅನೇಕ ಒಂಟಿಮನೆಗಳಿಗೆ ಇಂದಿಗೂ ಡಾಂಬರು ರಸ್ತೆ ಮುಟ್ಟಿಲ್ಲ. ಮಳೆಗಾಲ ಹಿಡಿದ ಮೇಲೆ ಅಂಥ ಮಣ್ಣುದಾರಿಯಲ್ಲಿ ಫೋರ್‌ವೀಲ್ ಜೀಪು ಬಿಟ್ಟರೆ ಬೇರೆ ವಾಹನ ಓಡಾಡುವುದು ಕಷ್ಟ. ಹಾಗಾಗಿ ಕಾಗದಪತ್ರವಿಲ್ಲದ ಹಳೆಯ ಜೀಪು, ಗುಜರಿಯಿಂದ ಎತ್ತಿ ತಂದು ಮತ್ತೆ ಕಟ್ಟಿದ ಜೀಪು, ಇತ್ತೀಚೆಗೆ ಎಸ್ಟೇಟ್‌ಗಳಲ್ಲಿ ಕಾಣಿಸುತ್ತಿರುವ ಎಟಿವಿ ಎಂಬ ನಾಲ್ಕು ಚಕ್ರದ ಬೈಕಿನಂಥ ವಾಹನ, ಹುಡುಗರು ಆಸೆಪಟ್ಟು ತರುವ ಡರ್ಟ್ ಬೈಕ್ ಇವೆಲ್ಲ ತೋಟದೊಳಗೆ ಯಾರ ಅಡ್ಡಿಯೂ ಇಲ್ಲದೆ ಓಡುತ್ತವೆ. ತೋಟದ ಗೇಟು ದಾಟಿ ಸೊಸೈಟಿಗೋ ಪೇಟೆಗೋ ಹೋಗಬೇಕಾದಾಗ ಮಾತ್ರ, ಇದಕ್ಕೆ ಪಾಸಿಂಗ್, ಅಂದರೆ ನೋಂದಣಿ, ಮಾಡಿಸಲು ಸಾಧ್ಯವೇ ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಸರಳವಾಗಿರುತ್ತದೆ. ಇಂಡಿಕೇಟರ್, ಹಾರ್ನ್, ಎರಡು ಕನ್ನಡಿ, ಬ್ರೇಕ್ ಲೈಟ್ ಹಾಕಿಸಿ, ಇನ್ಶೂರೆನ್ಸ್ ಮಾಡಿಸಿ ಆರ್‌ಟಿಓ ಕಚೇರಿಗೆ ಒಯ್ದರೆ ನಂಬರ್ ಸಿಗುತ್ತದೆ ಎನ್ನುತ್ತಾರೆ. ಅಮೆರಿಕದ ಅರಿಜೋನಾ, ಯೂಟಾದಂಥ ರಾಜ್ಯಗಳಲ್ಲಿ ಇದು ಬಹುಮಟ್ಟಿಗೆ ನಿಜ. ಅಲ್ಲಿ ಮಾಲೀಕನೇ ಬೇಕಾದ ದೀಪ, ಕನ್ನಡಿ, ಹಾರ್ನುಗಳನ್ನು ಜೋಡಿಸಿ ಆಫ್‌ರೋಡ್ ವಾಹನವನ್ನು ರಸ್ತೆಗೆ ಅರ್ಹವೆಂದು ನೋಂದಾಯಿಸಿಕೊಳ್ಳಬಹುದು. ಅಂತರ್ಜಾಲದಲ್ಲಿ ಸಿಗುವ ಬಹುಪಾಲು ವಿಡಿಯೋಗಳು ಆ ದೇಶದವು. ಅವನ್ನು ನೋಡಿ ಇಲ್ಲಿ ಹಣ ಸುರಿದವರು ಕೈಸುಟ್ಟುಕೊಳ್ಳುತ್ತಾರೆ. ಭಾರತದ ಕಾನೂನಿನಲ್ಲಿ ವಾಹನವು ರಸ್ತೆಗೆ ಅರ್ಹವಾಗುವುದು ಕಾರ್ಖಾನೆಯಲ್ಲಿ; ಕಾರ್ಖಾನೆಯಿಂದ ಆ ಅರ್ಹತೆಯಿಲ್ಲದೆ ಹೊರಬಂದ ವಾಹನಕ್ಕೆ ಅದನ್ನು ಮಾಲೀಕನು ಆಮೇಲೆ ಸಂಪಾದಿಸಿಕೊಡುವ ದಾರಿಯೇ ಇಲ್ಲವೆನ್ನುವಷ್ಟು ಕಿರಿದು. ಮಲೆನಾಡಿನ ವಾಹನ ಸಮಸ್ಯೆಯ ಬೇರು ಇಲ್ಲಿದೆ ಎಂಬುದು ನನ್ನ ನಿಲುವು.

ನೋಂದಣಿಯ ಕ್ರಮವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನ ಪ್ರಕಾರ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ನೋಂದಣಿಗೆ ನಮೂನೆ 20ರಲ್ಲಿ ಅರ್ಜಿ ಹಾಕಬೇಕು. ಅದರ ಜೊತೆಗೆ ಮಾರಾಟಗಾರರು ಕೊಡುವ ನಮೂನೆ 21ರ ಮಾರಾಟ ಪತ್ರ ಮತ್ತು ತಯಾರಕರು ಕೊಡುವ ನಮೂನೆ 22ರ ರಸ್ತೆಯೋಗ್ಯತಾ ಪತ್ರ ಇರಬೇಕು. ಈ ನಮೂನೆ 22 ಸುಮ್ಮನೆ ಮುದ್ರಿಸಿ ಕೊಡುವ ಕಾಗದವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಪ್ರತಿಯೊಂದು ಮಾದರಿಯ ಮೂಲ ವಾಹನವನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಪಡಿಸಿರಬೇಕು. ಬ್ರೇಕು, ದೀಪ, ಹೊಗೆ, ಶಬ್ದ, ಸ್ಟೀರಿಂಗ್ ಎಲ್ಲವನ್ನೂ ಪರಿಶೀಲಿಸಿ ಆ ಮಾದರಿಗೆ ಒಪ್ಪಿಗೆ ಸಿಕ್ಕ ಮೇಲೆ ತಯಾರಕರು, ತಾವು ಮಾರುತ್ತಿರುವ ಪ್ರತಿಯೊಂದು ವಾಹನವೂ ಅದೇ ಮಾದರಿಯದೆಂದು ಹೊಣೆ ಹೊತ್ತು ನಮೂನೆ 22ಕ್ಕೆ ಸಹಿ ಮಾಡುತ್ತಾರೆ.

ಹಾಗಾದರೆ ನಮ್ಮೂರಿನಲ್ಲಿ ಹಿರಿಯರು ಈಗಲೂ 'ಬ್ರೇಕ್ ಇನ್ಸ್‌ಪೆಕ್ಟರ್' ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರು ಪರಿಶೀಲಿಸುವುದೇನು? ವಾಹನವು ಕಾಗದದಲ್ಲಿ ಬರೆದಂತೆ ಇದೆಯೇ ಎಂಬುದನ್ನು. ಚಾಸಿಯ, ಅಂದರೆ ವಾಹನದ ಅಡಿಚೌಕಟ್ಟಿನ, ಮೇಲೆ ಕೊರೆದ ಸಂಖ್ಯೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಮತ್ತು ಗ್ರೀಸಿನ ಪದರ ತೆಗೆದು, ತೆಳುವಾದ ಕಾಗದವನ್ನು ಅದರ ಮೇಲೆ ಒತ್ತಿ ಪೆನ್ಸಿಲ್ಲಿನಿಂದ ಅಡ್ಡಡ್ಡ ತೀಡಿದಾಗ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಆ ಪೆನ್ಸಿಲ್ ಪ್ರಿಂಟನ್ನು ಅರ್ಜಿಗೆ ಅಂಟಿಸುತ್ತಾರೆ. ಮೂವತ್ತು ಮಳೆಗಾಲ ಕಂಡ ಜೀಪಿನಲ್ಲಿ ಈ ಕೆಲಸ ಎಷ್ಟು ಕಷ್ಟವೆಂಬುದು ಮಾಡಿಸಿದವರಿಗೇ ಗೊತ್ತು. ಸಂಖ್ಯೆಯ ಕೊನೆಯ ಎರಡು ಅಂಕೆ ತುಕ್ಕಿಗೆ ಹೋಗಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ನಿರೀಕ್ಷಕರಿಗಿರುವ ಅಧಿಕಾರ ಹೋಲಿಸಿ ನೋಡುವುದು. ಹೋಲಿಸಲು ಮೂಲ ಕಾಗದವೇ ಇಲ್ಲದ ವಾಹನವನ್ನು, ಅದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಚೆನ್ನಾಗಿದೆಯೆಂದು ಹೇಳಿ ನೋಂದಾಯಿಸುವ ಅಧಿಕಾರ ಅವರಿಗಿಲ್ಲ. ಹೀಗಿರುವಾಗ ಕಚೇರಿಯವರು ಸತಾಯಿಸುತ್ತಾರೆಂದು ದೂರುವುದು ಬಹಳ ಸಲ ಅನ್ಯಾಯದ ಮಾತಾಗುತ್ತದೆ.

ಎಟಿವಿಯ ವಿಷಯದಲ್ಲಿ ಈ ಕಾನೂನಿನ ಸ್ವರೂಪ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬೈಕಿನಂತೆ ಹ್ಯಾಂಡಲ್ ಹಿಡಿದು, ಕುದುರೆಯಂತೆ ಕಾಲು ಇಳಿಬಿಟ್ಟು ಕೂರುವ ಈ ನಾಲ್ಕು ಚಕ್ರದ ವಾಹನ ದ್ವಿಚಕ್ರವೂ ಅಲ್ಲ, ಕಾರೂ ಅಲ್ಲ. ಅದನ್ನು ಮನರಂಜನೆಯ ವಾಹನವೆಂದು ಮಾರುವವರು ನಮೂನೆ 22 ಕೊಡುವುದಿಲ್ಲ; ಕೊಡಲು ಅವರ ಬಳಿ ಮಾದರಿ ಒಪ್ಪಿಗೆಯೇ ಇರುವುದಿಲ್ಲ. ಆದರೆ ಪೋಲಾರಿಸ್ ಕಂಪನಿ 2021ರಲ್ಲಿ 'ಸ್ಪೋರ್ಟ್ಸ್‌ಮನ್ 570 ಟ್ರ್ಯಾಕ್ಟರ್' ಎಂಬ ಹೆಸರಿನಲ್ಲಿ ರಸ್ತೆಗೆ ಅರ್ಹವಾದ ಎಟಿವಿಯನ್ನು ಭಾರತದ ಮಾರುಕಟ್ಟೆಗೆ ತಂದಿತು. ಹೆಸರಿನ ಕೊನೆಯಲ್ಲಿರುವ ಟ್ರ್ಯಾಕ್ಟರ್ ಅಲಂಕಾರಕ್ಕೆ ಇಟ್ಟದ್ದಲ್ಲ. ಹೊಲಗೆಲಸದ ಸಲಕರಣೆಗಳೊಡನೆ ದುಡಿಯಲು ಅಥವಾ ಕೃಷಿ ಸಾಮಗ್ರಿಯ ಟ್ರೈಲರ್ ಎಳೆಯಲು ವಿನ್ಯಾಸಗೊಳಿಸಿದ ನಾಲ್ಕು ಚಕ್ರದ ಯಂತ್ರಚಾಲಿತ ವಾಹನವೇ ಕೃಷಿ ಟ್ರ್ಯಾಕ್ಟರ್ ಎಂದು ಕೇಂದ್ರ ನಿಯಮಗಳು ಹೇಳುತ್ತವೆ. ಆ ವ್ಯಾಖ್ಯೆಯೊಳಗೆ ತನ್ನ ವಾಹನವನ್ನು ಕೂರಿಸಿಕೊಂಡು ಕಂಪನಿ ಒಪ್ಪಿಗೆ ಪಡೆಯಿತು. ಅದೇ ಬಗೆಯ ಇನ್ನೊಂದು ಎಟಿವಿಯನ್ನು ನಿಮ್ಮ ತೋಟದಲ್ಲಿಟ್ಟುಕೊಂಡು, ಹಿಂದೆ ಟ್ರೈಲರ್ ಕಟ್ಟಿ, ಇದೂ ಟ್ರ್ಯಾಕ್ಟರೇ ಎಂದು ವಾದಿಸಿದರೆ ಫಲವಿಲ್ಲ. ವರ್ಗ ಯಾವುದೆಂದು ತೀರ್ಮಾನಿಸಿ ಪರೀಕ್ಷೆಗೆ ಒಯ್ಯಬೇಕಾದವರು ತಯಾರಕರು ಅಥವಾ ಆಮದುದಾರರು.

ಬೈಕುಗಳಲ್ಲೂ ಹೀಗೆಯೇ. ಕವಾಸಕಿಯ ಕೆಎಲ್‌ಎಕ್ಸ್ 140 ಆಫ್‌ರೋಡ್ ಬಳಕೆಗೆ ಮಾತ್ರ ಮಾರಾಟವಾಗುವ ಬೈಕು, ಅದಕ್ಕೆ ನೋಂದಣಿಯಿಲ್ಲ. 2024ರ ಕೊನೆಗೆ ಬಂದ ಕೆಎಲ್‌ಎಕ್ಸ್ 230ಕ್ಕೆ ನೋಂದಣಿಯಾಗುತ್ತದೆ. ನೋಡುವವರ ಕಣ್ಣಿಗೆ ಎರಡೂ ಒಂದೇ ಜಾತಿಯವು. ಮೊದಲನೆಯದಕ್ಕೆ ಹೆಡ್‌ಲೈಟ್ ಜೋಡಿಸಿದ ಮಾತ್ರಕ್ಕೆ ಅದು ಎರಡನೆಯದಾಗುವುದಿಲ್ಲ.

ಮಲೆನಾಡಿಗೆ ಹೆಚ್ಚು ಸಂಬಂಧಪಟ್ಟದ್ದು ಹಳೆಯ ಜೀಪು. ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು 1940ರ ದಶಕದ ಕೊನೆಯಲ್ಲಿ ಜೋಡಿಸಲು ಆರಂಭಿಸಿದಾಗಿನಿಂದ ಈ ಗುಡ್ಡಗಾಡಿನ ಬದುಕಿಗೆ ಜೀಪು ಅಂಟಿಕೊಂಡಿದೆ. ಅಡಿಕೆ ಮೂಟೆ, ಗೊಬ್ಬರ, ಗಾರೆ, ಹೆರಿಗೆ ನೋವಿನ ಹೆಂಗಸು, ಮದುವೆಯ ದಿಬ್ಬಣ ಎಲ್ಲವನ್ನೂ ಅದು ಹೊತ್ತಿದೆ. ಇಂದು ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿರುವ ಜೀಪುಗಳ ಕಾಗದಪತ್ರದ ಸ್ಥಿತಿ ಮಾತ್ರ ಒಂದೊಂದರದು ಒಂದೊಂದು ಬಗೆ, ಮತ್ತು ಆ ಸ್ಥಿತಿ ಯಾವುದೆಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಆರ್‌ಸಿ (ನೋಂದಣಿ ಪತ್ರ) ಇದ್ದು ಅವಧಿ ಮುಗಿದ ಜೀಪಿನದು ಇವುಗಳಲ್ಲಿ ಉತ್ತಮ ಸ್ಥಿತಿ. ಖಾಸಗಿ ವಾಹನದ ನೋಂದಣಿ ಮೊದಲಿಗೆ 15 ವರ್ಷಕ್ಕೆ ಸಿಂಧುವಾಗಿರುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಜನ 'ಎಫ್‌ಸಿ ಮಾಡಿಸುವುದು' ಎನ್ನುವುದು ಇದನ್ನೇ. ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿಸಿತು. 2025ರಲ್ಲಿ 20 ವರ್ಷ ಮೀರಿದ ಲಘು ಮೋಟಾರು ವಾಹನಗಳಿಗೆ ಅದನ್ನು 10,000 ರೂಪಾಯಿ ಮಾಡಿತು. ತಡವಾದರೆ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಶುಲ್ಕವೂ ಸೇರುತ್ತದೆ. ಶಿವಮೊಗ್ಗದ ಕೆಎ 14 ಆಗಲಿ ಸಾಗರದ ಕೆಎ 15 ಆಗಲಿ, ತಂದೆಯ ಹೆಸರಿನಲ್ಲಿ ಉಳಿದುಹೋದ ಆರ್‌ಸಿಯನ್ನು ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಂಡು ನವೀಕರಿಸಬೇಕು. ಖರ್ಚು ಬರುತ್ತದೆ, ಓಡಾಟವಿದೆ. ಆದರೆ ದಾರಿ ಇದೆ. ಇಂಥ ಜೀಪು ಇರುವವರು ಇನ್ನಷ್ಟು ತಿಂಗಳು ಕಾಯುವುದರಿಂದ ಶುಲ್ಕ ಬೆಳೆಯುತ್ತದೆಯೇ ಹೊರತು ಲಾಭವೇನೂ ಇಲ್ಲ.

ಆರ್‌ಸಿಯಲ್ಲಿ ಒಂದು, ಬಾನೆಟ್ಟಿನ ಕೆಳಗೆ ಇನ್ನೊಂದು ಇರುವುದು ಎರಡನೆಯ ಸ್ಥಿತಿ. ಸಿಜೆ 3ಬಿ ಎಂಬ ಮಾದರಿಯ ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಮೂಲತಃ ಇದ್ದದ್ದು ಹರಿಕೇನ್ ಪೆಟ್ರೋಲ್ ಎಂಜಿನ್. ಪೆಟ್ರೋಲ್ ದುಬಾರಿಯಾಯಿತೆಂದು ಅದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ನಮ್ಮ ಕಡೆ ಕಡಿಮೆಯೇನಿಲ್ಲ. ಎಷ್ಟೋ ಮಾಲೀಕರು ಆ ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಲಿಲ್ಲ. ಕಾಯ್ದೆಯ 52ನೇ ಕಲಮಿನಂತೆ ಎಂಜಿನ್ ಬದಲಿಸಲು ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಬದಲಾಗಿದ್ದರೆ 14 ದಿನಗಳೊಳಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ದಶಕಗಳ ಹಿಂದೆ ಆದ ಬದಲಾವಣೆ ಇಂದು ಹೊರಬೀಳುವುದು ಹೊಗೆ ತಪಾಸಣೆಯ ಹೊತ್ತಿನಲ್ಲಿ. ಪೆಟ್ರೋಲ್ ಗಾಡಿಗೆ ಅಳೆಯುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್ ಗಾಡಿಗೆ ಅಳೆಯುವುದು ಹೊಗೆಯ ದಟ್ಟಣೆ. ದಾಖಲೆಯಲ್ಲಿ ಪೆಟ್ರೋಲ್ ಎಂದಿರುವ ಜೀಪಿನ ಸೈಲೆನ್ಸರ್‌ನಿಂದ ಡೀಸೆಲ್ ಹೊಗೆ ಬರುತ್ತಿದ್ದರೆ ಪ್ರಮಾಣಪತ್ರವನ್ನು ಪ್ರಾಮಾಣಿಕವಾಗಿ ಕೊಡುವುದು ಯಾರಿಂದಲೂ ಸಾಧ್ಯವಿಲ್ಲ. ಹೊಗೆ ಪ್ರಮಾಣಪತ್ರ, ವಿಮೆ, ನವೀಕರಣ ಒಂದಕ್ಕೊಂದು ಕೊಂಡಿಯಾಗಿರುವುದರಿಂದ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ.

ಇಂಥ ಹಳೆಯ ವಿಲ್ಲಿಸ್‌ಗಳಿಗೆ ವಿಂಟೇಜ್ ನೋಂದಣಿ ಪರಿಹಾರವಾಗಬಹುದೆಂದು ಕೆಲವರು ಸಲಹೆ ಕೊಡುತ್ತಾರೆ. 2021ರಲ್ಲಿ ಬಂದ ಆ ನಿಯಮಗಳು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ ಅನ್ವಯಿಸುತ್ತವೆ; ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಸಿಂಧುತ್ವ ಹತ್ತು ವರ್ಷ. ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು, ಮತ್ತು ನಿತ್ಯದ ಓಡಾಟಕ್ಕೆ ಅಥವಾ ವ್ಯವಹಾರಕ್ಕೆ ಆ ವಾಹನವನ್ನು ಬಳಸುವಂತಿಲ್ಲ. ಪ್ರದರ್ಶನಕ್ಕೆ ಒಯ್ಯುವ ಜೀಪಿಗೆ ಇದು ಸರಿ. ಅಡಿಕೆ ಸಾಗಿಸುವ ಜೀಪಿಗೆ ಇದು ಉಪಯೋಗಕ್ಕೆ ಬಾರದು.

ಹರಾಜಿನಲ್ಲಿ ಕೊಂಡ ಜೀಪುಗಳ ವಿಷಯದಲ್ಲಿ ಈಚೆಗೆ ದೊಡ್ಡ ಬದಲಾವಣೆಯಾಗಿದೆ. ಸರ್ಕಾರಿ ಇಲಾಖೆಗಳ ಹಳೆಯ ಜೀಪುಗಳು ಹರಾಜಾದಾಗ ಕೊಂಡು ರಿಪೇರಿ ಮಾಡಿಸಿಕೊಳ್ಳುವುದು ಈ ಕಡೆಯ ಹಳೆಯ ರೂಢಿ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಅಂದಮೇಲೆ ಅಂಥ ಜೀಪನ್ನು ಯಾರಾದರೂ ಇಂದು ಅಗ್ಗಕ್ಕೆ ಮಾರುತ್ತಿದ್ದರೆ, ಅದು ರಸ್ತೆಗೆ ಮರಳುವ ಜೀಪಲ್ಲ, ಬಿಡಿಭಾಗಗಳ ರಾಶಿ ಎಂದೇ ತಿಳಿಯಬೇಕು. ಸೇನೆಯಿಂದ ವಿಲೇವಾರಿಯಾದ ವಾಹನಗಳಿಗೆ ಮಾತ್ರ ನಿಯಮ 47ರಲ್ಲಿ ಪ್ರತ್ಯೇಕ ಉಲ್ಲೇಖವಿದೆ: ಸಂಬಂಧಪಟ್ಟ ಸೇನಾ ಅಧಿಕಾರಿಗಳು ನಮೂನೆ 21ರಲ್ಲಿ ಕೊಟ್ಟ ಮೂಲ ಮಾರಾಟ ಪತ್ರವನ್ನು ಹಾಜರುಪಡಿಸಬೇಕು. ಅದರ ಜೆರಾಕ್ಸ್ ತೋರಿಸಿ ಮೂಲ ಆಮೇಲೆ ಕಳಿಸುತ್ತೇನೆ ಎನ್ನುವ ದಲ್ಲಾಳಿಯ ಮಾತಿಗೆ ಮುಂಗಡ ಕೊಡಬಾರದು.

ಕಟ್ಟಿದ ಜೀಪುಗಳದ್ದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಹರಿಯಾಣದ ಮಂಡಿ ಡಬವಾಲಿ ಇಂಥ ಜೀಪುಗಳಿಗೆ ದೇಶದಲ್ಲೇ ಹೆಸರಾದ ಊರು. ಚಾಸಿ ಒಂದು ಕಡೆಯದು, ಎಂಜಿನ್ ಇನ್ನೊಂದು ಕಡೆಯದು, ಬಾಡಿ ಅಲ್ಲಿಯೇ ತಗಡು ಬಗ್ಗಿಸಿ ಮಾಡಿದ್ದು. ಅಗಲವಾದ ಟಯರು, ಹೊಳೆಯುವ ಬಣ್ಣ, ಹೊಸ ಜೀಪಿನ ಅರ್ಧ ಬೆಲೆ. ಫೋನಿನ ಪರದೆಯಲ್ಲಿ ನೋಡಿ ಮರುಳಾಗುವುದು ಸಹಜ. ಜೊತೆಗೆ ಬರುವ ಆರ್‌ಸಿ ಯಾವುದೋ ಹಳೆಯ ಜೀಪಿನದಾಗಿದ್ದು, ಅದರ ಸಂಖ್ಯೆಯನ್ನು ಈ ಚಾಸಿಯ ಮೇಲೆ ಕೊರೆದಿದ್ದರೆ ಕೊಂಡವನು ಅರಿವಿಲ್ಲದೆ ಅಪರಾಧದೊಳಗೆ ಕಾಲಿಟ್ಟಂತೆ. ಕಾಗದ ನಿಜವೇ ಆಗಿದ್ದರೂ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನೋಂದಣಿ ಸಂಖ್ಯೆ ಪಡೆಯಲೇಬೇಕು. ಅದಕ್ಕೆ ಅಲ್ಲಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ಲೈಫ್ ಟ್ಯಾಕ್ಸ್, ಮತ್ತೆ ಅದೇ ಪೆನ್ಸಿಲ್ ಪ್ರಿಂಟು. ಕೊರೆದ ಅಂಕೆಗಳ ಅಂತರ, ಆಳ, ಅಕ್ಷರದ ಆಕಾರ ಮೂಲ ತಯಾರಕರದ್ದಕ್ಕೆ ಹೊಂದದಿದ್ದರೆ ಅನುಭವಿ ನಿರೀಕ್ಷಕರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಹಾಗಾದರೆ ಇದನ್ನು ಹೊಚ್ಚಹೊಸ ವಾಹನವೆಂದು ನೋಂದಾಯಿಸಬಾರದೇಕೆ ಎಂದರೆ, ಅದಕ್ಕೂ ದಾರಿ ಮುಚ್ಚಿದೆ. 2020ರ ಏಪ್ರಿಲ್ 1ರ ನಂತರ ಬಿಎಸ್ 4 ಎಂಬ ಹಳೆಯ ಹೊಗೆಮಿತಿಯ ವಾಹನಗಳನ್ನು ಮಾರುವಂತಿಲ್ಲ, ನೋಂದಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲೇ ತೀರ್ಪು ಕೊಟ್ಟಿದೆ. ತಗಡು ಬಗ್ಗಿಸಿ ಕಟ್ಟಿದ ಜೀಪಿನಿಂದ ಬಿಎಸ್ 6 ಹೊಗೆಮಿತಿಯನ್ನು ನಿರೀಕ್ಷಿಸುವಂತಿಲ್ಲ.

ಇದಕ್ಕೆ ತಿರುಗುಮುರುಗಾದ ಸಮಸ್ಯೆಯೂ ಒಂದಿದೆ. ಕಾರ್ಖಾನೆಯಿಂದ ಪೂರ್ತಿ ಅರ್ಹವಾಗಿಯೇ ಬಂದ ಥಾರ್ ಅಥವಾ ಜಿಪ್ಸಿಯನ್ನು ಮಾಲೀಕರೇ ಅನರ್ಹ ಮಾಡುತ್ತಾರೆ. ಸಸ್ಪೆನ್ಷನ್ ಎತ್ತರಿಸುವುದು, ಮಡ್‌ಗಾರ್ಡ್ ಮೀರಿ ಹೊರಚಾಚುವ ಟಯರು, ಮುಂದೆ ಕಬ್ಬಿಣದ ಬುಲ್‌ಬಾರ್, ಮೇಲೆ ಸಾಲು ದೀಪ ಎಲ್ಲವೂ ಪೇಟೆಯ ಅಂಗಡಿಗಳಲ್ಲಿ ರಸೀದಿ ಸಮೇತ ಸಿಗುವುದರಿಂದ ಕಾನೂನುಬದ್ಧವೆಂದೇ ಜನ ನಂಬಿದ್ದಾರೆ. ಕೇರಳದಿಂದ ಹೋದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೊಟ್ಟ ತೀರ್ಪು ಇಲ್ಲಿ ಮುಖ್ಯ. ತಯಾರಕರು ಮೂಲದಲ್ಲಿ ನಿಗದಿಪಡಿಸಿ ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ ಅಕ್ರಮ ಮಾರ್ಪಾಡಿಗೆ, ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಬುಲ್‌ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಎಲ್ಲ ರಾಜ್ಯಗಳಿಗೆ ಬರೆದಿತ್ತು. ಮುಂಭಾಗಕ್ಕೆ ಸ್ಪಾಟ್‌ಲೈಟ್ ಹಾಕುವುದನ್ನು ಕೇಂದ್ರ ನಿಯಮ 111 ನಿಷೇಧಿಸಿದೆ. ಅಸಾಧಾರಣ ಸಂದರ್ಭದಲ್ಲಿ ಪ್ರಾಧಿಕಾರದ ಅನುಮತಿಯಿಂದ ಮಾತ್ರ ವಿನಾಯಿತಿ.

ಈ ನಿರ್ಬಂಧಗಳನ್ನು ಬರೀ ಕಿರುಕುಳವೆಂದು ತಳ್ಳಿಹಾಕುವವರು ಆಗುಂಬೆ ಘಾಟಿಯನ್ನು ನೆನೆಯಬೇಕು. ಹದಿನಾಲ್ಕು ಕಡಿದಾದ ತಿರುವುಗಳ ಆ ಇಳಿಜಾರಿನಲ್ಲಿ ಎತ್ತರಿಸಿದ ಜೀಪಿನ ಭಾರದ ಕೇಂದ್ರ ಮೇಲಕ್ಕೆ ಸರಿದಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರಗಳ ಮೇಲೆ ಬೀಳುವ ಭಾರ ಹೆಚ್ಚಿ, ಮೊದಲಿದ್ದ ವೇಗದಲ್ಲೇ ಮಗುಚುವ ಸಾಧ್ಯತೆ ಏರುತ್ತದೆ. ಟಯರಿನ ವ್ಯಾಸ ದೊಡ್ಡದಾದಾಗ ಚಕ್ರವನ್ನು ತಡೆಯಲು ಹೆಚ್ಚು ಬಲ ಬೇಕು, ಆದರೆ ಬ್ರೇಕು ಮಾತ್ರ ಹಳೆಯದೇ. ಮೀಟರು ತೋರಿಸುವ ವೇಗ ನಿಜವಾದ ವೇಗಕ್ಕಿಂತ ಕಡಿಮೆಯಾಗುತ್ತದೆ. ಕೆಸರಿನಲ್ಲಿ ಹಿಡಿದು ಎಳೆಯುವ ದಪ್ಪ ಗುಬುಟಿನ ಟಯರು ಒದ್ದೆ ಡಾಂಬರನ್ನು ತಾಗುವುದು ಆ ಗುಬುಟುಗಳ ತುದಿಯಲ್ಲಿ ಮಾತ್ರ, ಹಾಗಾಗಿ ಅಲ್ಲಿ ಹಿಡಿತ ಕಮ್ಮಿ. ತೋಟದಲ್ಲಿ ಗುಣವಾದದ್ದು ಘಾಟಿಯಲ್ಲಿ ದೋಷವಾಗುತ್ತದೆ. ಬುಲ್‌ಬಾರ್ ಬಡಿದರೆ ಎದುರಿಗಿದ್ದ ಪಾದಚಾರಿಗೆ ಪೆಟ್ಟನ್ನು ಹೀರಿಕೊಂಡು ಕುಗ್ಗುವ ಮುಂಭಾಗದ ರಕ್ಷಣೆ ಸಿಗುವುದಿಲ್ಲ, ಒಳಗಿದ್ದವರ ಏರ್‌ಬ್ಯಾಗ್ ಸೆನ್ಸರ್‌ಗೆ ಪೆಟ್ಟು ಸರಿಯಾಗಿ ತಲುಪದಿರುವ ಅಪಾಯವೂ ಇದೆ. ಮಂಜು ಮುಸುಕಿದ ಸಂಜೆಯಲ್ಲಿ ಎದುರಿಂದ ಬರುವ ಬೈಕಿನವನ ಕಣ್ಣಿಗೆ ಆ ಸಾಲು ದೀಪ ಏನು ಮಾಡುತ್ತದೆಂಬುದನ್ನು ಈ ದಾರಿಗಳಲ್ಲಿ ಓಡಾಡುವ ಎಲ್ಲರೂ ಬಲ್ಲರು. ಕಾನೂನು ಇಲ್ಲಿ ಕಾಯುತ್ತಿರುವುದು ಆ ಬೈಕಿನವನನ್ನು.

ತೋಟದ ದಾರಿಯಲ್ಲಿ ಮಾತ್ರ ಓಡಿಸಿದರೆ ಯಾವ ಕಾಗದವೂ ಬೇಡವೇ? ಕಾರ್ಖಾನೆ ಅಥವಾ ಆವರಣ ಗೋಡೆಯೊಳಗಿನ ಬಳಕೆಗೆಂದೇ ಮಾಡಿದ ವಿಶೇಷ ಬಗೆಯ ವಾಹನಗಳನ್ನು ಕಾಯ್ದೆಯು ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗಿಟ್ಟಿದೆ ನಿಜ. ಜೀಪು ಅಂಥದ್ದಲ್ಲ, ರಸ್ತೆಯಲ್ಲಿ ಓಡಬಲ್ಲ ವಾಹನ ತೋಟದಲ್ಲೇ ಉಳಿದರೂ ಮೋಟಾರು ವಾಹನವೇ. ಇನ್ನು ಸಾರ್ವಜನಿಕ ಸ್ಥಳವೆಂದರೆ ಡಾಂಬರು ಹಾಕಿದ ಸರ್ಕಾರಿ ರಸ್ತೆ ಮಾತ್ರವಲ್ಲ, ಜನರಿಗೆ ಪ್ರವೇಶದ ಹಕ್ಕಿರುವ ಯಾವುದೇ ದಾರಿ ಅಥವಾ ಜಾಗ ಅದರೊಳಗೆ ಬರುತ್ತದೆ. ಮಲೆನಾಡಿನಲ್ಲಿ ಒಬ್ಬರ ತೋಟದ ನಡುವೆ ಹಾದು ಮೂರು ಮನೆಗಳಿಗೆ ಹೋಗುವ, ಊರವರೆಲ್ಲ ತಲೆಮಾರುಗಳಿಂದ ಬಳಸುತ್ತಿರುವ ದಾರಿಗಳು ಎಲ್ಲೆಲ್ಲೂ ಇವೆ. ಖಾತೆ ನನ್ನದು, ಆದ್ದರಿಂದ ದಾರಿ ಖಾಸಗಿ ಎಂಬ ವಾದ ಅಪಘಾತವಾದ ಮೇಲೆ ನಿಲ್ಲುವುದು ಕಷ್ಟ.

ಅಪಘಾತದ ಮಾತು ಬಂದಾಗಲೇ ಈ ವಿಷಯದ ನಿಜವಾದ ತೂಕ ಗೊತ್ತಾಗುವುದು. ನೋಂದಣಿಯಿಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ 5,000 ರೂಪಾಯಿವರೆಗೆ, ವಿಮೆಯಿಲ್ಲದ್ದಕ್ಕೆ 2,000 ರೂಪಾಯಿ ದಂಡ ಕಾಯ್ದೆಯಲ್ಲಿದೆ. ಅಷ್ಟನ್ನು ಕಟ್ಟಿಬಿಡಬಹುದು ಎಂದುಕೊಳ್ಳುವವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಆದೇಶವನ್ನು ಕಂಡಿರುವುದಿಲ್ಲ. ದುಡಿಯುವ ವಯಸ್ಸಿನವರೊಬ್ಬರು ಸತ್ತರೆ ಪರಿಹಾರದ ಮೊತ್ತ ಲಕ್ಷಗಳಲ್ಲಿರುತ್ತದೆ. ವಿಮೆಯಿಲ್ಲದ ವಾಹನದ ಮಾಲೀಕ ಅದನ್ನು ತನ್ನ ಆಸ್ತಿಯಿಂದ ತೆರಬೇಕು. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದ ಪಿಕಪ್ ವಾಹನವೊಂದು ಅಪಘಾತಕ್ಕೀಡಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ, ಸಿಂಧುವಾದ ನೋಂದಣಿಯಿಲ್ಲದೆ ರಸ್ತೆಗಿಳಿಸುವುದು ವಿಮಾ ಷರತ್ತಿನ ಮೂಲಭೂತ ಉಲ್ಲಂಘನೆ, ವಾಹನದ ಹಾನಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದಿದೆ. ಅಂದರೆ ಪ್ರೀಮಿಯಂ ಕಟ್ಟಿದ ಮಾತ್ರಕ್ಕೆ ಭದ್ರವೆಂದುಕೊಳ್ಳುವಂತಿಲ್ಲ. ತೀರಿಹೋದವನ ಮನೆಯವರಿಗೆ ಆದೇಶದ ಪ್ರತಿ ಸಿಕ್ಕಿ, ಹಣ ಕೊಡಬೇಕಾದವನ ಬಳಿ ಎರಡು ಎಕರೆ ತೋಟ ಬಿಟ್ಟರೆ ಬೇರೇನೂ ಇಲ್ಲದಿದ್ದಾಗ ಮುಳುಗುವುದು ಎರಡು ಮನೆಗಳು.

ಬಾಡಿಗೆ ಜೀಪುಗಳಿಗೂ ಈ ಮಾತು ಅನ್ವಯಿಸುತ್ತದೆ. ಕೊಲ್ಲೂರು, ನಿಟ್ಟೂರು ಕಡೆಯಿಂದ ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪು ಚಾಲಕರ ಕೌಶಲ ದೊಡ್ಡದು. ಆದರೆ ಬಿಳಿ ಬೋರ್ಡಿನ ಖಾಸಗಿ ಜೀಪಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿದರೆ ಪರ್ಮಿಟ್ ಉಲ್ಲಂಘನೆಯ ಜೊತೆಗೆ ಖಾಸಗಿ ವಿಮೆಯ ಷರತ್ತೂ ಮುರಿದಂತಾಗುತ್ತದೆ. ಹತ್ತುವ ಮುನ್ನ ಬೋರ್ಡಿನ ಬಣ್ಣ ನೋಡುವುದು ಪ್ರವಾಸಿಗರ ಹಿತಕ್ಕೇ ಒಳ್ಳೆಯದು. ಅಭಯಾರಣ್ಯದೊಳಗಿನ ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಆರ್‌ಸಿ ಅದಕ್ಕೆ ಬದಲಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಈಗಿರುವ ವ್ಯವಸ್ಥೆ ಸರಿಯಾಗಿದೆ ಎಂದು ನಾನು ಒಪ್ಪಲಾರೆ. ಕಾನೂನು ತಡೆಯಬೇಕಾದ್ದನ್ನು ತಡೆಯುತ್ತಿದೆ. ಒಳಗೆ ಬಿಟ್ಟುಕೊಳ್ಳಬೇಕಾದವರಿಗೆ ಬಾಗಿಲನ್ನೇ ಇಟ್ಟಿಲ್ಲ. ಬ್ರಿಟನ್ನಿನಲ್ಲಿ ಒಂಟಿ ವಾಹನದ ಒಪ್ಪಿಗೆ ಎಂಬ ಪದ್ಧತಿಯಿದೆ. ಮನೆಯಲ್ಲಿ ಕಟ್ಟಿದ ಕಾರನ್ನಾಗಲಿ ಹೊರದೇಶದಿಂದ ತಂದ ವಾಹನವನ್ನಾಗಲಿ ಸರ್ಕಾರಿ ತಪಾಸಣಾ ಕೇಂದ್ರಕ್ಕೆ ಒಯ್ದು, ಬ್ರೇಕು, ದೀಪ, ಸ್ಟೀರಿಂಗ್, ಹೊಗೆ, ಚೂಪು ಅಂಚುಗಳವರೆಗೆ ಪರೀಕ್ಷೆ ಮಾಡಿಸಿ, ತೇರ್ಗಡೆಯಾದರೆ ಆ ಒಂದೇ ವಾಹನಕ್ಕೆ ನೋಂದಣಿ ಪಡೆಯಬಹುದು. ಜರ್ಮನಿಯಲ್ಲಿ ಮಾರ್ಪಾಡನ್ನು ಪರಿಣತ ಎಂಜಿನಿಯರು ಪರೀಕ್ಷಿಸಿ ವಾಹನದ ದಾಖಲೆಯಲ್ಲಿ ನಮೂದಿಸುತ್ತಾರೆ. ಎರಡೂ ಸುರಕ್ಷತೆಯ ವಿಷಯದಲ್ಲಿ ಸಡಿಲವಾದ ದೇಶಗಳಲ್ಲ. ಅಲ್ಲಿಯೂ ಅನೇಕ ವಾಹನಗಳು ತಿರಸ್ಕೃತವಾಗುತ್ತವೆ. ಆದರೆ ತಿರಸ್ಕಾರಕ್ಕೆ ಕಾರಣ ವಾಹನದ ದೋಷವಾಗಿರುತ್ತದೆ.

ನಮ್ಮ ನಿಯಮಗಳಲ್ಲೂ ಇಂಥ ವಿವೇಚನೆಗೆ ಪೂರ್ವನಿದರ್ಶನವಿದೆ ಎಂಬುದನ್ನು ಗಮನಿಸಬೇಕು. ಧರೆ ಕುಸಿದಾಗ ಮೊದಲು ಕರೆಸಿಕೊಳ್ಳುವ ಜೆಸಿಬಿಯನ್ನೇ ತೆಗೆದುಕೊಳ್ಳಿ. ರಸ್ತೆಯಾಚೆಯ ಕೆಲಸಕ್ಕೆ ಹುಟ್ಟಿದ ಯಂತ್ರ ಅದು. ಆದರೂ ಕೇಂದ್ರ ನಿಯಮಗಳು ನಿರ್ಮಾಣ ಯಂತ್ರೋಪಕರಣ ವಾಹನವೆಂಬ ಪ್ರತ್ಯೇಕ ವರ್ಗ ಮಾಡಿ, ರಸ್ತೆಯಲ್ಲಿ ಓಡುವುದು ಅದರ ಮುಖ್ಯ ಕೆಲಸಕ್ಕೆ ಆನುಷಂಗಿಕ, ಅಲ್ಪಾವಧಿಯದು, ವೇಗ ಗಂಟೆಗೆ 50 ಕಿಲೋಮೀಟರ್ ಮೀರಬಾರದು ಎಂಬ ಷರತ್ತಿನೊಡನೆ ಅದನ್ನು ರಸ್ತೆಗೆ ಒಪ್ಪಿಕೊಂಡಿವೆ. ತನ್ನ ಶಕ್ತಿಯಿಂದ ರಸ್ತೆಯಲ್ಲಿ ಸಾಗಲು ಸಜ್ಜಾಗದ, ಗಣಿಯೊಳಗೇ ಉಳಿಯುವ ಯಂತ್ರಗಳನ್ನು ಹೊರಗಿಟ್ಟಿವೆ. ಗುತ್ತಿಗೆದಾರನ ಯಂತ್ರಕ್ಕೆ ಸಿಕ್ಕ ಈ ಅವಕಾಶ ಗುಡ್ಡದ ರೈತನ ವಾಹನಕ್ಕೆ ಸಿಗಬಾರದೆಂಬುದಕ್ಕೆ ಸುರಕ್ಷತೆಯ ಕಾರಣವೇನೂ ನನಗೆ ಕಾಣುವುದಿಲ್ಲ. ಗಂಟೆಗೆ ಮೂವತ್ತೋ ನಲವತ್ತೋ ಕಿಲೋಮೀಟರ್ ವೇಗಮಿತಿ, ನೋಂದಣಿಯಾದ ಹೋಬಳಿ ಅಥವಾ ತಾಲ್ಲೂಕಿನೊಳಗಿನ ಓಡಾಟ, ರಾಷ್ಟ್ರೀಯ ಹೆದ್ದಾರಿ ಮತ್ತು ಘಾಟಿ ರಸ್ತೆಗೆ ನಿಷೇಧ, ಬಾಡಿಗೆಗೆ ನಿಷೇಧ, ಪ್ರತಿ ವರ್ಷ ತಪಾಸಣೆ, ಕಡ್ಡಾಯ ಮೂರನೆಯ ವ್ಯಕ್ತಿಯ ವಿಮೆ ಎಂಬ ಷರತ್ತುಗಳೊಡನೆ ಗುಡ್ಡಗಾಡಿನ ಕೃಷಿ ಬಳಕೆಯ ವಾಹನಕ್ಕೆ ಒಂದು ವರ್ಗ ಮಾಡಬಹುದು. ಕದ್ದ ವಾಹನಗಳು ಇದರೊಳಗೆ ನುಸುಳುತ್ತವೆಂಬ ಆಕ್ಷೇಪ ಗಂಭೀರವಾದದ್ದು. ಅದಕ್ಕೆ ಚಾಸಿ ಸಂಖ್ಯೆಯನ್ನು ಪೊಲೀಸ್ ದಾಖಲೆಯೊಡನೆ ತಾಳೆ ನೋಡಿ, ಅರ್ಜಿಯನ್ನು ನಿಗದಿತ ಅವಧಿಗೆ ಬಹಿರಂಗವಾಗಿ ಪ್ರಕಟಿಸಿ, ಆಕ್ಷೇಪ ಬಾರದಿದ್ದರೆ ಮಾತ್ರ ಹೊಸ ಸಂಖ್ಯೆ ಕೊರೆಯುವ ಕ್ರಮ ಇರಬೇಕು. ಅಷ್ಟು ಬಿಗಿ ಇಲ್ಲದಿದ್ದರೆ ಈ ವರ್ಗ ಡಬವಾಲಿ ಜೀಪುಗಳ ದಿಡ್ಡಿಬಾಗಿಲಾಗುತ್ತದೆ.

ಇದನ್ನು ಬೆಂಗಳೂರಿನಲ್ಲೇ ತೀರ್ಮಾನಿಸಲು ಬರುವುದಿಲ್ಲ. ವಾಹನದ ರಚನೆ, ಸಲಕರಣೆ, ಮಾನದಂಡಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು 110ನೇ ಕಲಮು ಕೇಂದ್ರಕ್ಕೆ ಕೊಟ್ಟಿದೆ. ಉಳಿದ ವಿಷಯಗಳಲ್ಲಷ್ಟೇ ರಾಜ್ಯ ನಿಯಮ ಮಾಡಬಹುದು. ಆದ್ದರಿಂದ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು, ಉತ್ತರ ಕನ್ನಡದ ಜನಪ್ರತಿನಿಧಿಗಳು ಒಟ್ಟಾಗಿ ರಾಜ್ಯದ ಮೂಲಕ ಕೇಂದ್ರ ಸಾರಿಗೆ ಸಚಿವಾಲಯವನ್ನು ಒತ್ತಾಯಿಸಬೇಕಾದ ವಿಷಯವಿದು. ರಾಜ್ಯದ ಕೈಯಲ್ಲೇ ಇರುವ ಕೆಲಸವೂ ಒಂದಿದೆ. ಆರ್‌ಸಿ ಇದ್ದೂ ಅವಧಿ ಮುಗಿದ, ವಾರಸು ಬದಲಾಗದ, ಎಂಜಿನ್ ವಿವರ ಹೊಂದದ ಜೀಪುಗಳನ್ನು ಶಿವಮೊಗ್ಗಕ್ಕೋ ಸಾಗರಕ್ಕೋ ಎಳೆದುಕೊಂಡು ಬರುವ ಬದಲು, ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಮುನ್ನ ತೀರ್ಥಹಳ್ಳಿ, ಹೊಸನಗರ, ಸೊರಬಗಳಲ್ಲಿ ನಿರೀಕ್ಷಕರೇ ಬಂದು ಈ ಮೂರು ಬಗೆಯ ಅರ್ಜಿಗಳನ್ನು ಒಂದೇ ದಿನ ಪರಿಶೀಲಿಸುವ ಕ್ಯಾಂಪ್ ನಡೆಸಲು ಯಾವ ತಿದ್ದುಪಡಿಯೂ ಬೇಕಿಲ್ಲ. ಜೀಪು ಕೊಳ್ಳಲು ಹೊರಟವರು ಮಾತ್ರ ಆ ಬದಲಾವಣೆಗಳಿಗೆ ಕಾಯದೆ, ಹಣ ಕೊಡುವ ಮೊದಲು ನೋಂದಣಿ ಸಂಖ್ಯೆಯನ್ನು ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ಹಾಕಿ ಇಂಧನ, ವರ್ಗ, ನೋಂದಣಿಯ ಅವಧಿಗಳನ್ನು ನೋಡಬೇಕು. ಆಮೇಲೆ ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಚಾಸಿಯ ಬಳಿ ಕೂತು ಪ್ರಿಂಟು ತೆಗೆದು, ಆರ್‌ಸಿಯಲ್ಲಿರುವ ಸಂಖ್ಯೆಯೊಡನೆ ಅಂಕೆಗೆ ಅಂಕೆ ತಾಳೆ ನೋಡಬೇಕು.